ಎರಡು ಸೆಂಟಿನ ಸೇವೆ, ಎರಡು ವಾರದ ಸೇವೆ

ಬೀದರ್ ಎಂದೊಡನೆ ರಾಜಧಾನಿಯ ಓದುಗರಿಗೆ ನೆನಪಾಗುವುದು ಬಹಮನಿಗಳ ಕೋಟೆ, ಮಹಮೂದ್ ಗವಾನನ ಮದರಸಾ, ಬಿದರಿ ಕಲೆ, ಗುರುನಾನಕ್ ಝೀರಾ. ಮಂಗಲಪೇಟೆಯ ಹೆಸರು ಈ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಭಾಲ್ಕಿ ಮತ್ತು ಔರಾದ್ ಕಡೆಯ ದಲಿತ ಕೇರಿಗಳ ಅನೇಕ ಕುಟುಂಬಗಳಿಗೆ ಬೀದರ್ ಎಂದರೆ ಮೊದಲು ಮಂಗಲಪೇಟೆಯೇ. ಅಲ್ಲಿನ ಮೆಥೋಡಿಸ್ಟ್ ಚರ್ಚು, ಮಿಷನ್ ಆಸ್ಪತ್ರೆ, ಮಿಷನ್ ಶಾಲೆ, ಮಕ್ಕಳ ಬೋರ್ಡಿಂಗು ಇವುಗಳಿಂದಲೇ ಆ ಕುಟುಂಬಗಳ ಮೂರ್ನಾಲ್ಕು ತಲೆಮಾರುಗಳ ಕಥೆ ಆರಂಭವಾಗುತ್ತದೆ.

ನಾನು ಆ ಸಭೆಗೆ ಸೇರಿದವನಲ್ಲ. ಅರ್ಥಶಾಸ್ತ್ರ ಓದಿ ಕಂದಾಯ ಇಲಾಖೆ ಸೇರಿದವನು. ಸೇವಾವಧಿಯ ಕೆಲವು ವರ್ಷಗಳನ್ನು ಬೀದರ್ ಜಿಲ್ಲೆಯಲ್ಲಿ ಕಳೆದವನು. ಧರ್ಮಶ್ರದ್ಧೆಯ ಲೆಕ್ಕ ನನ್ನ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ. ಆದರೆ ಸೇವೆ ಎಂಬ ಹೆಸರಿನಲ್ಲಿ ಒಂದು ಬಡ ತಾಲ್ಲೂಕಿಗೆ ಹಣ, ಜನ, ಸಮಯ ಹರಿದುಬಂದಾಗ ಕೊನೆಗೆ ಅಲ್ಲಿ ಉಳಿಯುವುದೇನು ಎಂದು ಕೇಳುವುದು ಅರ್ಥಶಾಸ್ತ್ರದ ಪ್ರಶ್ನೆಯೇ. ಈಚಿನ ದಶಕಗಳಲ್ಲಿ ನಗರಗಳಿಂದ ಮತ್ತು ವಿದೇಶಗಳಿಂದ ಒಂದೆರಡು ವಾರದ ಮಟ್ಟಿಗೆ ಸ್ವಯಂಸೇವಕರ ತಂಡಗಳು ಹಳ್ಳಿಗಳಿಗೆ ಬಂದುಹೋಗುವ ಪದ್ಧತಿ ಜಗತ್ತಿನಾದ್ಯಂತ ಬೆಳೆದಿದೆ. ಅಮೆರಿಕದ ಮೆಥೋಡಿಸ್ಟರಲ್ಲಿ ಇದಕ್ಕೆಂದೇ ಪ್ರತ್ಯೇಕ ವ್ಯವಸ್ಥೆಯಿದೆ. ಹೀಗೆ ಬಂದುಹೋಗುವವರ ಸೇವೆಗೂ ಊರಲ್ಲೇ ಇರುವವರ ಸೇವೆಗೂ ಇರುವ ವ್ಯತ್ಯಾಸವನ್ನು ಅರಿಯಲು ಬೀದರ್‌ನಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ.

ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ಮೈಸೂರಿನ ಹಾರ್ಡ್ವಿಕ್ ಶಾಲೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಒಂದು ಕಾಲಕ್ಕೆ 'ವೃತ್ತಾಂತ ಪತ್ರಿಕೆ'ಯನ್ನು ಅಚ್ಚು ಹಾಕುತ್ತಿದ್ದ ವೆಸ್ಲಿಯನ್ ಮುದ್ರಣಾಲಯ ಇವೆಲ್ಲ ಬ್ರಿಟಿಷ್ ಮೆಥೋಡಿಸ್ಟರ ಕಾಣಿಕೆ. ಅವರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ವಿಲೀನವಾದವು. ಬೀದರ್, ರಾಯಚೂರು, ಬೆಳಗಾವಿ, ಕೋಲಾರದ್ದು ಬೇರೆ ಕವಲು. ಅದು ಅಮೆರಿಕನ್ ಮೆಥೋಡಿಸ್ಟರದು. ಬೆಂಗಳೂರಿನ ಬಾಲ್ಡ್ವಿನ್ ಶಾಲೆಗಳೂ ಈ ಕವಲಿಗೇ ಸೇರಿದವು. ಆ ವಿಲೀನಕ್ಕೆ ಅವರು ಒಪ್ಪಲಿಲ್ಲ. 1981ರಲ್ಲಿ ಅಮೆರಿಕದ ಮಾತೃಸಂಸ್ಥೆಯ ಆಡಳಿತದಿಂದ ಹೊರಬಂದು ಭಾರತದ ಮೆಥೋಡಿಸ್ಟ್ ಸಭೆಯೆಂಬ ಸ್ವಾಯತ್ತ ಸಂಸ್ಥೆಯಾದರು.

ದಕ್ಷಿಣ ಭಾರತದಲ್ಲಿ ಈ ಕವಲಿಗೆ ಬುನಾದಿ ಹಾಕಿದ ವಿಲಿಯಂ ಟೇಲರ್ 1870ರಲ್ಲಿ ಭಾರತಕ್ಕೆ ಬಂದ, ವಿಚಿತ್ರ ಹಟದ ಮನುಷ್ಯ. ಸಭೆ ಎಲ್ಲಿ ಹುಟ್ಟುತ್ತದೆಯೋ ಅಲ್ಲಿಯ ಜನರ ಹಣದಿಂದಲೇ ಅದು ನಡೆಯಬೇಕು, ಪರದೇಶದ ಬೊಕ್ಕಸವನ್ನು ನೋಡುತ್ತ ಕೂರಬಾರದು ಎಂಬುದು ಅವನ ಸಿದ್ಧಾಂತ. ಮುಂಬಯಿ, ಮದರಾಸು, ಬೆಂಗಳೂರುಗಳ ಇಂಗ್ಲಿಷ್ ಬಲ್ಲ ಸಂಬಳದಾರರ ನಡುವೆ ಈ ಸಿದ್ಧಾಂತ ಸಲೀಸಾಗಿ ನಡೆಯಿತು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಮಿಷನ್ನು ನಿಜಾಮನ ಬೀದರ್ ಜಿಲ್ಲೆಗೆ ಕಾಲಿಟ್ಟಾಗ ಸನ್ನಿವೇಶ ತಿರುಗಿತು. ಇಲ್ಲಿ ಅದರ ಬಳಿಗೆ ಬಂದವರು ಭೂಮಿಯಿಲ್ಲದ, ಜೀತ ಮತ್ತು ಬಿಟ್ಟಿ ಚಾಕರಿಯಲ್ಲಿ ಸಿಲುಕಿದ್ದ ಹೊಲೆಯ, ಮಾದಿಗ ಕೇರಿಗಳ ಜನ. ಬಂದದ್ದೂ ಒಬ್ಬೊಬ್ಬರಾಗಿ ಅಲ್ಲ, ಬಂಧುಬಳಗ ಸಮೇತ, ಕೇರಿಗೆ ಕೇರಿಯೇ. ಇಂಥ ಸಮೂಹ ಚಳವಳಿಗಳನ್ನು ಅಧ್ಯಯನ ಮಾಡಿ ವ್ಯಾಸ್ಕಂ ಪಿಕೆಟ್ 1933ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವರು ಆರಿಸಿಕೊಂಡ ಪ್ರದೇಶಗಳಲ್ಲಿ ಬೀದರ್‌ಗೆ ನೆರೆಯ ವಿಕಾರಾಬಾದೂ ಒಂದು. ಪಿಕೆಟ್ ಸ್ವತಃ ಮಿಷನರಿ, ಮುಂದೆ ಬಿಷಪ್ ಆದವರು. ಹಾಗಿದ್ದೂ ಅವರ ಒಂದು ತೀರ್ಮಾನ ನಿಷ್ಠುರವಾದದ್ದು: ಜನ ಯಾವ ಉದ್ದೇಶದಿಂದ ಬಂದರು ಎಂಬುದಕ್ಕಿಂತ, ಬಂದ ಮೇಲೆ ಅವರ ಜೊತೆ ಯಾರಿದ್ದು ಕಲಿಸಿದರು ಎಂಬುದೇ ಫಲಿತಾಂಶವನ್ನು ನಿರ್ಧರಿಸಿತು. ಸರ್ಕಾರದ ಎಷ್ಟೋ ಯೋಜನೆಗಳ ಮೌಲ್ಯಮಾಪನ ವರದಿ ಓದಿದ ನನಗೆ ಇಷ್ಟು ನೇರವಾದ ವಾಕ್ಯ ಅವುಗಳಲ್ಲಿ ಸಿಕ್ಕಿದ್ದು ಕಡಿಮೆ.

ಕೇರಿಯ ಜನರ ಜೊತೆ ಇರುವವರಿಗೆ ಸಂಬಳ ಬೇಕಲ್ಲ? ಅದು ಬಂದ ದಾರಿಯೂ ಕುತೂಹಲಕರ. 1869ರಲ್ಲಿ ಬೋಸ್ಟನ್ ನಗರದ ಕೆಲವು ಮೆಥೋಡಿಸ್ಟ್ ಮಹಿಳೆಯರು ವಿದೇಶೀ ಸೇವೆಗೆಂದು ಒಂದು ಸಂಘ ಕಟ್ಟಿದರು. ಸದಸ್ಯೆಯೊಬ್ಬಳು ಕೊಡಬೇಕಾದದ್ದು ವಾರಕ್ಕೆ ಎರಡು ಸೆಂಟು, ಜೊತೆಗೊಂದು ಪ್ರಾರ್ಥನೆ. ಮನೆವಾರ್ತೆಯ ಖರ್ಚಿನಲ್ಲಿ ಉಳಿಸಿದ ಆ ಪುಡಿಗಾಸಿನಿಂದ ಮರುವರ್ಷವೇ ಉತ್ತರ ಭಾರತಕ್ಕೆ ಇಬ್ಬರು ಹೆಣ್ಣುಮಕ್ಕಳು ಬಂದಿಳಿದರು. ಒಬ್ಬರು ಲಖನೌದಲ್ಲಿ ಇಂದಿಗೂ ತಮ್ಮ ಹೆಸರಿನ ಕಾಲೇಜಿರುವ ಇಸಬೆಲ್ಲಾ ಥೋಬರ್ನ್. ಇನ್ನೊಬ್ಬರು ಬರೇಲಿಯಲ್ಲಿ ಸ್ತ್ರೀಯರಿಗೆಂದೇ ಆಸ್ಪತ್ರೆ ಕಟ್ಟಿದ ಡಾ. ಕ್ಲಾರಾ ಸ್ವೇನ್. ಇಬ್ಬರೂ ಪ್ರವಾಸಕ್ಕೆ ಬಂದವರಲ್ಲ. ಥೋಬರ್ನ್ ಇಲ್ಲಿಯೇ ಕಾಲರಾದಿಂದ ತೀರಿಕೊಂಡರು.

ಪುಡಿಗಾಸಿನ ಈ ಶಿಸ್ತಿಗೆ ಮೂಲ ಜಾನ್ ವೆಸ್ಲಿಯೇ. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಸಭಾಮಂದಿರದ ಸಾಲ ತೀರಿಸಲು ಒಂದು ಉಪಾಯ ಹೂಡಲಾಯಿತು. ಸದಸ್ಯರನ್ನು ಹನ್ನೆರಡು ಮಂದಿಯ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೊಬ್ಬ ಮುಖಂಡನನ್ನು ನೇಮಿಸಿ, ತಲೆಗೆ ವಾರಕ್ಕೊಂದು ಪೆನ್ನಿ ವಸೂಲು ಮಾಡುವುದು. ಕೊಡಲಾಗದವನ ಪಾಲನ್ನು ಮುಖಂಡನೇ ತುಂಬಬೇಕು. ವಸೂಲಿಗೆಂದು ಮನೆಮನೆಗೆ ಹೋದ ಮುಖಂಡರಿಗೆ ಕಂಡದ್ದು ಬರೀ ಪೆನ್ನಿಯಲ್ಲ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಕುಡಿತ, ಯಾರ ಒಲೆ ಹೊತ್ತಿಲ್ಲ ಎಂಬುದು. ಸಾಲ ವಸೂಲಿಯ ವ್ಯವಸ್ಥೆ ಹೀಗೆ ಆರೈಕೆಯ ವ್ಯವಸ್ಥೆಯಾಯಿತು. ನಾಲ್ಕು ವರ್ಷಗಳ ನಂತರ ಲಂಡನ್ನಿನಲ್ಲಿ ವೆಸ್ಲಿ ಬಡವರಿಗೆಂದು ಒಂದು ಸಾಲನಿಧಿ ತೆರೆದ. ಆರಂಭದ ಬಂಡವಾಳ 30 ಪೌಂಡ್ 16 ಶಿಲಿಂಗ್. ಒಬ್ಬರಿಗೆ ಒಮ್ಮೆಗೆ 20 ಶಿಲಿಂಗ್ ಮಾತ್ರ. ವಾರವಾರ ಕಂತು ಕಟ್ಟಿ ಮೂರು ತಿಂಗಳಲ್ಲಿ ತೀರಿಸಬೇಕು. ಹದಿನೆಂಟು ತಿಂಗಳಲ್ಲಿ ಈ ಹಣ ತಿರುಗಿ ತಿರುಗಿ 255 ಮಂದಿಗೆ ನೆರವಾಯಿತು ಎಂದು ಅವನೇ ಲೆಕ್ಕ ಕೊಟ್ಟಿದ್ದಾನೆ. ಮುಂದೆ ಈ ನಿಧಿಯಿಂದ ಐದು ಪೌಂಡ್ ಸಾಲ ಪಡೆದ ಜೇಮ್ಸ್ ಲ್ಯಾಕಿಂಗ್ಟನ್ ಎಂಬ ಚಪ್ಪಲಿ ಹೊಲೆಯುವವನು ಲಂಡನ್ನಿನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬನಾಗಿ ಬೆಳೆದ. (ಶ್ರೀಮಂತನಾದ ಮೇಲೆ ಆತ್ಮಕಥೆ ಬರೆದು ಮೆಥೋಡಿಸ್ಟರನ್ನೇ ಲೇವಡಿ ಮಾಡಿದ, ಮುಪ್ಪಿನಲ್ಲಿ ಪಶ್ಚಾತ್ತಾಪಪಟ್ಟ ಎಂಬುದು ಬೇರೆ ಮಾತು.)

ಬೀದರ್ ಬಲ್ಲವರಿಗೆ ಇದೆಲ್ಲ ಅಪರಿಚಿತವೆನಿಸಬಾರದು. ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿದ ಬಳಿಕ ಅದನ್ನು ಮನಃಪೂರ್ವಕವಾಗಿ ಕೈಗೆತ್ತಿಕೊಂಡ ಸಹಕಾರಿ ಬ್ಯಾಂಕುಗಳಲ್ಲಿ ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಮುಂಚೂಣಿಯಲ್ಲಿತ್ತು. ಔರಾದ್ ತಾಲ್ಲೂಕಿನವರೇ ಆದ ಗುರುಪಾದಪ್ಪ ನಾಗಮಾರಪಳ್ಳಿಯವರು ಅದರ ಚುಕ್ಕಾಣಿ ಹಿಡಿದಿದ್ದ ಕಾಲ ಅದು. ವಾರಕ್ಕಿಷ್ಟು ಎಂದು ಉಳಿಸುವುದು, ಗುಂಪಿನೊಳಗೇ ಸಾಲ ಕೊಡುವುದು, ಒಬ್ಬಳ ಕಂತು ತಪ್ಪಿದರೆ ಉಳಿದವರು ಅವಳ ಮನೆಗೆ ಹೋಗಿ ವಿಚಾರಿಸುವುದು ನಡೆದಿತ್ತು. ಬ್ರಿಸ್ಟಲ್ಲಿನ ಹೆಸರನ್ನೇ ಕೇಳದ ಹೆಂಗಸರು ಬ್ರಿಸ್ಟಲ್ಲಿನ ವಿದ್ಯೆಯನ್ನು ತಾವೇ ಕಂಡುಕೊಂಡಿದ್ದರು. ಆ ಗುಂಪುಗಳಲ್ಲಿ ಲಿಂಗಾಯತ, ಮರಾಠಾ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಎಲ್ಲೆಡೆಯೂ ಅಳಿದಿತ್ತೆಂದು ನಾನು ಹೇಳಲಾರೆ. ಆದರೆ ಮಿಷನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಹೆಣ್ಣುಮಗಳೊಬ್ಬಳು ಕೇರಿಯಲ್ಲಿದ್ದರೆ ಗುಂಪಿನ ಲೆಕ್ಕದ ಪುಸ್ತಕ ಆಕೆಯ ಕೈಗೇ ಹೋಗುತ್ತಿದ್ದುದನ್ನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕಂಡಿದ್ದೇನೆ.

ಏಕೆಂದರೆ ಹಳ್ಳಿಯಲ್ಲಿ ಮಿಷನ್ನು ಎಂದರೆ ಬಿಳಿಯ ದೊರೆಯಲ್ಲ. ಆತ ಕುದುರೆಯೇರಿಯೋ ಎತ್ತಿನ ಬಂಡಿಯಲ್ಲೋ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಅತಿಥಿ. ನಿತ್ಯ ಇದ್ದವರು ಇಲ್ಲಿನವರೇ: ಅದೇ ಕೇರಿಯಲ್ಲಿ ಹುಟ್ಟಿ ಬೋರ್ಡಿಂಗಿನಲ್ಲಿ ಓದಿ ಮರಳಿದ ಮಾಸ್ತರು, ಮನೆಮನೆಗೆ ಹೋಗಿ ಹೆಂಗಸರಿಗೆ ಓದು, ಶುಚಿತ್ವ, ಶಿಶುಪಾಲನೆ ಹೇಳಿಕೊಡುತ್ತಿದ್ದ 'ಬೈಬಲ್ ಹೆಂಗಸು', ಆಸ್ಪತ್ರೆಯ ಕಂಪೌಂಡರು, ದಾದಿ. ನಿಜಾಮನ ಆಳ್ವಿಕೆಯಲ್ಲಿ ದಫ್ತರಿನ ಭಾಷೆ ಉರ್ದು. ಕನ್ನಡ ಶಾಲೆಗೆ ಪ್ರೋತ್ಸಾಹವಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಾಡಿಗೆಲ್ಲ ಗೊತ್ತು. ಅದೇ ಕಾಲಘಟ್ಟದಲ್ಲಿ ಮಿಷನ್ನಿನ ಮಾಸ್ತರು ಕೇರಿಯ ಬೇವಿನ ಮರದ ಕೆಳಗೆ ಕನ್ನಡದ ಕೀರ್ತನೆ, ಕನ್ನಡದ ಸುವಾರ್ತೆಗಳ ನೆಪದಲ್ಲಿ ಅಕ್ಷರ ತೀಡಿಸುತ್ತಿದ್ದುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಒಂದು ಮಠದ ಕೆಲಸ, ಇನ್ನೊಂದು ಚರ್ಚಿನ ಕೆಲಸ. ಕನ್ನಡಕ್ಕೆ ದಕ್ಕಿದ್ದು ಎರಡೂ. ಬಹಮನಿ ಸುಲ್ತಾನನ ಗೋರಿಗೆ ಅಲ್ಲಮಪ್ರಭುವಿನ ಹೆಸರಿಟ್ಟು ಲಿಂಗಾಯತರು ಜಾತ್ರೆ ಮಾಡುವ ಅಷ್ಟೂರು ಇರುವ ಜಿಲ್ಲೆಯಲ್ಲಿ ಇಂಥ ಜೋಡಣೆ ಯಾರನ್ನೂ ಚಕಿತಗೊಳಿಸಬೇಕಿಲ್ಲ.

ಈಗ ಎರಡು ವಾರದ ಸೇವೆಗೆ ಬರೋಣ. ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಹಲವು ವರ್ಷಗಳ ಹಿಂದೆ ಹೊರದೇಶದ ಹತ್ತು ಹನ್ನೆರಡು ಮಂದಿ ಪ್ರಾರ್ಥನಾ ಮಂದಿರವೊಂದರ ಗೋಡೆಗೆ ಗಿಲಾವು ಮಾಡಿ ಬಣ್ಣ ಬಳಿಯುತ್ತಿದ್ದುದನ್ನು ಕಂಡೆ. ಯಾವ ಸಭೆ, ಯಾವ ದೇಶ ಎಂಬುದು ಇಲ್ಲಿ ಮುಖ್ಯವಲ್ಲ. ಬಿಸಿಲಿಗೆ ಕೆಂಪಾದ ಮುಖಗಳು, ನಿಷ್ಕಪಟವಾದ ಉತ್ಸಾಹ. ಎದುರಿನ ಕಟ್ಟೆಯ ಮೇಲೆ ಊರಿನ ಗೌಂಡಿಗಳು ಬೀಡಿ ಸೇದುತ್ತ ಕುಳಿತು ನೋಡುತ್ತಿದ್ದರು. ಅದು ಬೇಸಿಗೆ, ಅವರಿಗೆ ಕೆಲಸವಿರಲಿಲ್ಲ. ಇನ್ನೊಂದು ವಾರ ಕಳೆದಿದ್ದರೆ ಹೈದರಾಬಾದಿನ ಕಟ್ಟಡಗಳಲ್ಲಿ ಇದೇ ಗಿಲಾವು ಕೆಲಸ ಹುಡುಕಿಕೊಂಡು ಬಸ್ಸು ಹತ್ತುವವರು ಅವರು. "ಸಾಹೇಬ್ರ, ಗೋಡೆ ಸೊಟ್ಟ ಆಗ್ಯಾದ, ಅವ್ರು ಹೋದ ಮ್ಯಾಲ ನಾವ ಸರಿ ಮಾಡ್ತೀವಿ" ಎಂದು ಅವರಲ್ಲೊಬ್ಬ ನಗುತ್ತ ಹೇಳಿದ.

ಸ್ಥೂಲವಾದ ಒಂದು ಲೆಕ್ಕ ಹಾಕೋಣ. ಅಮೆರಿಕದಿಂದ ಬಂದುಹೋಗುವ ವಿಮಾನ ಟಿಕೆಟ್ಟಿಗೆ ತಲೆಗೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಹನ್ನೆರಡು ಜನರ ಒಂದು ತಂಡಕ್ಕೆ 12 ಲಕ್ಷ. ತಿಂಗಳಿಗೆ 20 ಸಾವಿರದಂತೆ ಒಬ್ಬ ಹಳ್ಳಿ ದಾದಿಗೆ ಇದು ಐದು ವರ್ಷದ ಸಂಬಳ. ಪ್ರವಾಸ ಬರುವವರು ಆ ಹಣವನ್ನು ಹೇಗಿದ್ದರೂ ದಾನ ಕೊಡುತ್ತಿದ್ದರೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಣ್ಣಾರೆ ಕಂಡವರು ಊರಿಗೆ ಮರಳಿ ಹತ್ತು ವರ್ಷ ಕಾಣಿಕೆ ಕಳಿಸಿದ ಉದಾಹರಣೆಗಳಿಲ್ಲದಿಲ್ಲ. ಆದರೂ ಸೇವೆಯ ಫಲಾನುಭವಿ ಯಾರು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಬೆಂಗಳೂರಿನಿಂದ ಕ್ರಿಸ್‌ಮಸ್ ಹೊತ್ತಿಗೆ ಕಂಬಳಿ ಹಂಚಲು ಹೋಗುವ ನಮ್ಮ ತಂಡಗಳಿಗೂ, ಸಮವಸ್ತ್ರದ ಟೀಶರ್ಟು ಹಾಕಿಕೊಂಡು ಸರ್ಕಾರಿ ಶಾಲೆಗೆ ಬಣ್ಣ ಬಳಿಯುವ ಸಾಫ್ಟ್‌ವೇರ್ ಕಂಪನಿಗಳ ಉದ್ಯೋಗಿಗಳಿಗೂ ಇದು ಅನ್ವಯಿಸುತ್ತದೆ.

ಎಲ್ಲ ಅಲ್ಪಾವಧಿ ಸೇವೆಯೂ ವ್ಯರ್ಥವೆಂದು ನನ್ನ ವಾದವಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಒಮ್ಮೆ ಆಗುವ ಕೆಲಸ. ನುರಿತ ವೈದ್ಯರ ತಂಡ ನಾಲ್ಕು ದಿನ ಬಂದು ನೂರು ಜನರಿಗೆ ದೃಷ್ಟಿ ಕೊಟ್ಟು ಹೋದರೆ, ಆಮೇಲಿನ ತಪಾಸಣೆಗೆ ಒಬ್ಬರು ಊರಲ್ಲಿದ್ದರೆ ಸಾಕು, ಅದು ಸಾರ್ಥಕ. ರಕ್ತದೊತ್ತಡದ ಕಥೆ ಹಾಗಲ್ಲ. ಶಿಬಿರದಲ್ಲಿ ಅಳೆದು ಹತ್ತು ದಿನದ ಮಾತ್ರೆ ಕೊಟ್ಟರೆ ಹನ್ನೊಂದನೇ ದಿನ ಆ ಮುದುಕ ಎಲ್ಲಿಗೆ ಹೋಗಬೇಕು? ಕ್ಷಯರೋಗಕ್ಕಂತೂ ಕನಿಷ್ಠ ಆರು ತಿಂಗಳ ಔಷಧ. ಎರಡನೇ ತಿಂಗಳಲ್ಲಿ ಕೆಮ್ಮು ನಿಂತ ಕೂಡಲೇ ಮಾತ್ರೆ ಬಿಟ್ಟು ಕೂಲಿಗೆ ಹೊರಟವನು ಮರುವರ್ಷ ಔಷಧಕ್ಕೆ ಬಗ್ಗದ ಕ್ಷಯವನ್ನು ಹೊತ್ತು ಮರಳುತ್ತಾನೆ. ಇಂಥವನ ಬಾಗಿಲಿಗೆ ಪ್ರತಿವಾರ ಹೋಗಿ ಮಾತ್ರೆ ಎಣಿಸುವ ಕೆಲಸಕ್ಕೆ ವಿಮಾನದಲ್ಲಿ ಬಂದವರು ಒದಗುವುದಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ನಾನು ಗಡಿಯ ಈಚೆ ಕೆಲಸದಲ್ಲಿದ್ದೆ. ಸುಮಾರು ಹತ್ತು ಸಾವಿರ ಜನ ಸತ್ತ ದುರಂತ. ಭಾಲ್ಕಿ, ಔರಾದ್, ಬಸವಕಲ್ಯಾಣಗಳಿಂದ ಸಾಮಾನು ಹೊತ್ತ ವಾಹನಗಳು ಹೊರಟವು. ಮಠದ ರೊಟ್ಟಿ, ಗುರುದ್ವಾರದ ಲಂಗರು, ಚರ್ಚಿನ ಯುವಕರು, ಮಸೀದಿಯ ಹುಡುಗರು, ಎಲ್ಲರೂ ಇದ್ದರು. ದೂರದ ನಗರಗಳಿಂದ ಬಂದ ಹಳೆಯ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದು ಮಳೆಗೆ ನೆಂದು ಕೊಳೆತದ್ದನ್ನೂ ಕಂಡೆ. ಹದಿನೈದು ದಿನಕ್ಕೆ ಜನಸಂದಣಿ ಕರಗಿತು. ಅನಾಥರಾದ ಮಕ್ಕಳು ಮತ್ತು ಅಂಗವಿಕಲರಾದವರ ಬಳಿ ಆಮೇಲೂ ಉಳಿದವರು ಬೆರಳೆಣಿಕೆಯವರು. ಅವರಲ್ಲಿ ಬಹುಪಾಲು ಆಸುಪಾಸಿನ ಊರಿನವರು.

ಹಳ್ಳಿಯ ಈ ಸೇವಕರ ಬಗ್ಗೆ ಬರೆಯುವಾಗ ಮುಜುಗರದ ವಿಷಯವೊಂದನ್ನು ಬಿಡುವಂತಿಲ್ಲ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂ ಧರ್ಮೀಯರಿಗೆ ಮಾತ್ರ ಆ ಸ್ಥಾನ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಣೆಯಾಯಿತು. ಕ್ರೈಸ್ತರಿಗಾಗಲೀ ಮುಸ್ಲಿಮರಿಗಾಗಲೀ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ-1ಕ್ಕೆ ಸೇರುತ್ತಾರೆ. ಜಾತಿ ಪ್ರಮಾಣಪತ್ರ ಕೊಡುವ ಮೇಜಿನ ಹಿಂದೆ ಕುಳಿತವರಿಗೆ ಇದರ ಫಲ ಗೊತ್ತು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಇನ್ನೊಂದು. ಭಾನುವಾರದ ಧರ್ಮ ಒಂದು, ಸೋಮವಾರದ ಅರ್ಜಿಯದು ಇನ್ನೊಂದು. ನರ್ಸಿಂಗ್ ಓದಲು ಹೊರಟ ಹುಡುಗಿ ತಾನು ಪ್ರಾರ್ಥನೆಗೆ ಹೋಗುವುದನ್ನು ಯಾರಾದರೂ ದೂರು ಕೊಟ್ಟಾರೆಂದು ಹೆದರುತ್ತಾಳೆ. ಹಾಗೆ ಹೆದರುವವಳು ಸಭೆಯ ಹೆಸರಿನಲ್ಲಿ ಕೇರಿಯ ರೋಗಿಗಳನ್ನು ನೋಡಲು ಬಹಿರಂಗವಾಗಿ ಹೇಗೆ ಹೋದಾಳು?

ಆಮಿಷದಿಂದ ಮತಾಂತರ ನಡೆಯುತ್ತದೆಂಬ ಆರೋಪ ಪದೇಪದೇ ಕೇಳಿಬರುತ್ತದೆ. ಎಲ್ಲಿಯೂ ನಡೆದೇ ಇಲ್ಲವೆಂದು ಪ್ರಮಾಣ ಮಾಡಲು ನಾನು ಸಿದ್ಧನಿಲ್ಲ. ಕಂಬಳಿ ಕೊಟ್ಟು ಕರಪತ್ರ ಹಂಚುವವರೂ ಇದ್ದಾರೆ, ಆ ಬೆರಕೆ ನನಗೆ ಹಿಡಿಸುವುದಿಲ್ಲ. ಆದರೆ ಆಮಿಷದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿ ನೋಡಿ. ರಾಜ್ಯದಲ್ಲಿ 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲು ಪ್ರಮಾಣ ಶೇ 15ರಿಂದ 17ಕ್ಕೆ ಏರಿತು. ಪ್ರವರ್ಗ-1ರದು ಶೇ 4. ಔರಾದ್ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಕ್ರೈಸ್ತನೆಂದು ಘೋಷಿಸಿಕೊಂಡ ಅಲ್ಲಿನ ದಲಿತ ಮತ ಹಾಕಬಹುದು, ಅಭ್ಯರ್ಥಿಯಾಗಲಾರ. ಇದು ಲಾಭದ ವ್ಯಾಪಾರವೆಂದು ಯಾವ ಅರ್ಥಶಾಸ್ತ್ರಜ್ಞನೂ ಹೇಳಲಾರ. ಮತಾಂತರ ನಿಯಂತ್ರಿಸಲು 2022ರಲ್ಲಿ ಕಾಯ್ದೆ ಬಂತು, 2023ರಲ್ಲಿ ಅದನ್ನು ರದ್ದುಪಡಿಸಲು ಸಚಿವ ಸಂಪುಟ ನಿರ್ಧರಿಸಿತು. ಮೀಸಲಾತಿಯನ್ನು ಧರ್ಮದಿಂದ ಬೇರ್ಪಡಿಸಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಇದೇ ಪ್ರಶ್ನೆಗೆ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಕೇರಿಯ ಹುಡುಗಿಯ ಎರಡು ಹೆಸರು ಮಾತ್ರ ಹಾಗೆಯೇ ಇವೆ.

ಸಭೆಯ ನಾಯಕತ್ವವೂ ತನ್ನನ್ನು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಕೆಲವು ಷರತ್ತುಗಳು ವಿಪರೀತವೆಂಬುದು ನನ್ನ ಅಭಿಪ್ರಾಯ. ಆದರೆ ಒಂದೂವರೆ ಶತಮಾನದ ಹಿಂದೆಯೇ ಪರದೇಶದ ಹಣ ಬೇಡವೆಂದ ಟೇಲರ್‌ನ ವಾರಸುದಾರರಿಗೆ ಇದು ಪೂರ್ತಿ ಹೊಸ ಪಾಠವಾಗಬಾರದು. ನಗರಗಳಲ್ಲಿ ಬೆಲೆಬಾಳುವ ಆಸ್ತಿ, ಹೆಸರುವಾಸಿ ಶಾಲೆಗಳುಳ್ಳ ಸಭೆಯೊಂದು ತನ್ನದೇ ಹಳ್ಳಿಗಳ ದಾದಿ, ಮಾಸ್ತರುಗಳನ್ನು ಸಾಕಲು ಶಕ್ತವಲ್ಲವೆಂದರೆ ನಂಬುವುದು ಕಷ್ಟ. ಇನ್ನು ಸಭಾಪಾಲಕರ ವರ್ಗಾವಣೆ. ವೆಸ್ಲಿಯ ಕಾಲದಿಂದ ಬಂದ ಪದ್ಧತಿಯಂತೆ ಅವರೂ ನಮ್ಮ ತಹಶೀಲ್ದಾರರಂತೆ ಊರೂರು ತಿರುಗುವವರು. ಆದ್ದರಿಂದ ಊರಿನಲ್ಲಿ ನಿಲ್ಲುವ ಕೆಲಸ ಸದಸ್ಯರದೇ, ಅದರಲ್ಲೂ ಹೆಂಗಸರದು. ಆ ಕೆಲಸಕ್ಕೆ ಬಸ್ ಚಾರ್ಜು, ಒಂದಿಷ್ಟು ತರಬೇತಿ, ಮರ್ಯಾದೆಯ ಗೌರವಧನ ಸಿಗಬೇಕು. ಸಿಗುತ್ತಿರುವುದು ಬಹುಪಾಲು ಕೊನೆಯ ಬೆಂಚು.

ದಾರಿಗಳು ಇಲ್ಲದಿಲ್ಲ. ಕ್ಷಯರೋಗಿಗಳ ಪೋಷಣೆಯ ಹೊಣೆಯನ್ನು ವ್ಯಕ್ತಿಗಳು, ಸಂಸ್ಥೆಗಳು ವಹಿಸಿಕೊಳ್ಳಬಹುದಾದ 'ನಿಕ್ಷಯ ಮಿತ್ರ' ಯೋಜನೆ 2022ರಿಂದ ಇದೆ. ರೋಗಿಗೆ ಸರ್ಕಾರ ಕೊಡುವ ಪೌಷ್ಟಿಕ ಆಹಾರದ ನೆರವು 2024ರ ನವೆಂಬರಿನಿಂದ ತಿಂಗಳಿಗೆ ಸಾವಿರ ರೂಪಾಯಿಯಾಗಿದೆ. ಒಂದು ಸಭೆ ಹತ್ತು ರೋಗಿಗಳನ್ನು ಆರು ತಿಂಗಳ ಮಟ್ಟಿಗೆ ಒಪ್ಪಿಕೊಂಡು, ಜಾತಿ ಮತ ಕೇಳದೆ, ವಾರಕ್ಕೊಮ್ಮೆ ಬಾಗಿಲು ತಟ್ಟಿದರೆ ಅದಕ್ಕೆ ವೀಸಾ ಬೇಕಿಲ್ಲ, ದೆಹಲಿಯ ಅನುಮತಿಯೂ ಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳನ್ನು ಆ ನಾಲ್ಕೈದು ತಿಂಗಳು ಇರಿಸಿಕೊಂಡು ಓದಿಸಲು ಹಳೆಯ ಬೋರ್ಡಿಂಗುಗಳಿಗಿಂತ ಯೋಗ್ಯ ಜಾಗ ಯಾವುದು? ಬೆಂಗಳೂರಿನ ಸ್ವಯಂಸೇವಕರಿಗೂ ಇಲ್ಲಿ ಕೆಲಸವಿದೆ: ಲೆಕ್ಕಪತ್ರ ತಿದ್ದಿಕೊಡುವುದು, ದಾದಿಗೆ ಫೋನಿನಲ್ಲಿ ವೈದ್ಯರ ಸಲಹೆ ಒದಗಿಸುವುದು, ಒಬ್ಬ ಹುಡುಗಿಯ ಮೂರು ವರ್ಷದ ನರ್ಸಿಂಗ್ ಶುಲ್ಕವನ್ನು ತಿಂಗಳು ತಪ್ಪದೆ ಕಟ್ಟುವುದು. ಇವುಗಳ ಫೋಟೋ ಚೆನ್ನಾಗಿ ಬರುವುದಿಲ್ಲ.

ಕಳೆದ ಬಾರಿ ಆ ಕಡೆ ಹೋದಾಗ ಔರಾದ್ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರ ಚೀಲದಲ್ಲಿ ಬೈಬಲ್ಲಿನ ಜೊತೆ ಎರಡು ರೂಲು ಹಾಕಿದ ಒಂದು ನೋಟುಬುಕ್ಕಿತ್ತು. ತಮ್ಮ ಊರಿನ ಹನ್ನೊಂದು ಮನೆಗಳ ಹೆಸರು, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರು ಮಾತ್ರೆ ಬಿಟ್ಟಿದ್ದಾರೆ ಎಂಬುದೆಲ್ಲ ಅದರಲ್ಲಿ ಬರೆದಿತ್ತು. ಇದಕ್ಕೆ ಯಾರು ಸಂಬಳ ಕೊಡುತ್ತಾರೆ ಎಂದು ಕೇಳಿದೆ. "ಯಾರ ಕೊಡ್ತಾರ್ರಿ? ಬೀದರಿಗೆ ಹೋಗಿ ಬರೋ ಚಾರ್ಜ್ ಮಗ ಕೊಡ್ತಾನ" ಎಂದರು. ಅಂದು ಅವರು ಮಂಗಲಪೇಟೆಯಿಂದ ಪಕ್ಕದ ಮನೆಯ ಮುಸ್ಲಿಂ ಮುದುಕಿಯ ಔಷಧಿ ತರುತ್ತಿದ್ದರು.